ಪುಸ್ತಕದ ಕಪಾಟು: ಹೇಳಿದ್ದೊಂದು, ಕೇಳಿಸಿದ್ದು ಇನ್ನೊಂದು



ಅನ್ಯಗ್ರಹದವರು ಎಂದ ಕೂಡಲೇ ಹಾರುವ ತಟ್ಟೆ, ಯುದ್ಧ ನೆನಪಾಗುತ್ತವೆ. ಅವರೇ ನಮ್ಮನ್ನು ಕರೆಸಿ, "ನಿಮ್ಮ ದೇವರ ಕಥೆ ಹೇಳಿ" ಎಂದರೆ? 2014ರಲ್ಲಿ ಬಂದ 'ದಿ ಬುಕ್ ಆಫ್ ಸ್ಟ್ರೇಂಜ್ ನ್ಯೂ ಥಿಂಗ್ಸ್' ಕಾದಂಬರಿಯಲ್ಲಿ ಹಾಗೇ ಆಗುತ್ತದೆ. ಬರೆದವರು ಮಿಷೆಲ್ ಫೇಬರ್. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಬೆಳೆದು, ಸ್ಕಾಟ್ಲೆಂಡಿಗೆ ಹೋದವರು. ವಿಜ್ಞಾನ ಕಥೆಗಳಿಗಷ್ಟೇ ಹೆಸರಾದವರಲ್ಲ. ಹಳೆಯ ಲಂಡನ್ನಿನ ಬದುಕಿನ ಬಗ್ಗೆಯೂ ದೊಡ್ಡ ಕಾದಂಬರಿ ಬರೆದಿದ್ದಾರೆ.

ಪೀಟರ್ ಇಂಗ್ಲೆಂಡಿನ ಪಾದ್ರಿ. ಹೆಂಡತಿ ಬಿಯಾ ನರ್ಸ್. ಒಂದು ಕಂಪನಿ ಅವನನ್ನು ಒಯಾಸಿಸ್ ಎಂಬ ದೂರದ ಗ್ರಹಕ್ಕೆ ಕಳಿಸುತ್ತದೆ. ಬಿಯಾಗೆ ಅವಕಾಶ ಸಿಗುವುದಿಲ್ಲ. ಅಲ್ಲಿನ ಕೆಲವರಿಗೆ ಬೈಬಲ್ ಎಂದರೆ ಪ್ರಾಣ. ಕಾದಂಬರಿಯ ಹೆಸರು ಅವರು ಬೈಬಲ್ಲಿಗೆ ಇಟ್ಟ ಹೆಸರೇ. ಆದರೆ ಇಂಗ್ಲಿಷಿನ 'ಸ', 'ಟ' ಧ್ವನಿಗಳು ಅವರ ಬಾಯಲ್ಲಿ ಹೊರಳುವುದಿಲ್ಲ. ನಮ್ಮ ತರಗತಿಯಲ್ಲಿ 'ಳ', 'ಣ' ಕಲಿಯುವಾಗ ಆಗುತ್ತದಲ್ಲ, ಹಾಗೆ! ಪೀಟರ್ ಬೇಸರಿಸದೆ, ಅವರಿಗೆ ಹೇಳಲು ಬರುವ ಪದಗಳನ್ನೇ ಹುಡುಕಿ ಬೈಬಲ್ಲಿನ ಭಾಗಗಳನ್ನು ತಿದ್ದಿ ಬರೆಯುತ್ತಾನೆ.

ಇಷ್ಟೆಲ್ಲ ಮಾಡಿದವನಿಗೆ ಒಂದು ವಿಷಯ ಬಹಳ ತಡವಾಗಿ ತಿಳಿಯುತ್ತದೆ. ಅವರ ಮೈಮೇಲೆ ಸಣ್ಣ ಗಾಯವಾದರೂ ಮಾಯುವುದಿಲ್ಲ. ಯೇಸು ರೋಗಿಗಳನ್ನು ಗುಣಪಡಿಸಿದ ಕಥೆಗಳು ಅವರಿಗೆ ಅದಕ್ಕೇ ಅಷ್ಟು ಪ್ರಿಯ. ಅವನು ಹೇಳಿದ್ದು ಆತ್ಮದ ಮಾತು. ಅವರಿಗೆ ಕೇಳಿಸಿದ್ದು ಮೈ ವಾಸಿಯಾಗುವ ಭರವಸೆ.

ಇತ್ತ ಭೂಮಿಯಲ್ಲಿ ಒಂದರ ಮೇಲೊಂದು ವಿಪತ್ತು. ಬಿಯಾ ಪತ್ರದ ಮೇಲೆ ಪತ್ರ ಬರೆಯುತ್ತಾಳೆ. ಪೀಟರ್ ಓದುತ್ತಾನೆ, ಆದರೆ ಅವನ ಮನಸ್ಸು ಅಲ್ಲಿರುವುದಿಲ್ಲ. ಕೊನೆಗೆ ಅವಳ ನಂಬಿಕೆಯೇ ಕುಸಿಯುತ್ತದೆ. ಅನ್ಯಗ್ರಹದವರಿಗಾಗಿ ಪದ ಪದವನ್ನೂ ತೂಗಿದವನಿಗೆ ಮನೆಯವಳ ಸಂಕಟ ಕೇಳಿಸಲಿಲ್ಲ.

ಪೋಷಕರೇ, ಇದು ದೊಡ್ಡವರ ಪುಸ್ತಕ. ನೀವು ಓದಿ, ಮಕ್ಕಳಿಗೆ ಕಥೆಯಾಗಿ ಹೇಳಿ. ನಾವೂ ಮಕ್ಕಳಿಗೆ ಪ್ರಹ್ಲಾದನ ಕಥೆ ಹೇಳುವಾಗ ಪದಗಳನ್ನು ಸುಲಭ ಮಾಡುತ್ತೇವೆ. ಮುಗಿದ ಮೇಲೆ "ಅರ್ಥವಾಯಿತಾ?" ಎಂದು ಕೇಳಿ ಸುಮ್ಮನಾಗುತ್ತೇವೆ. ಈ ಸಲ "ನಿನಗೆ ಏನನ್ನಿಸಿತು?" ಎಂದು ಕೇಳಿ ನೋಡಿ. ಕಂಬ ಒಡೆದು ನರಸಿಂಹ ಬಂದ ಎಂದಾಗ ಮಗುವಿಗೆ ಧೈರ್ಯ ಬಂತೋ, ಹೆದರಿಕೆಯಾಯಿತೋ? ಉತ್ತರ ನಮ್ಮ ಊಹೆಯಂತೆ ಇರಲಿಕ್ಕಿಲ್ಲ.

ಮಕ್ಕಳೇ, ನಿಮಗೊಂದು ಆಟ. 'ಸ', 'ತ' ಅಕ್ಷರಗಳು ಎಲ್ಲೂ ಬಾರದಂತೆ, ಒತ್ತಕ್ಷರವಾಗಿಯೂ ಬಾರದಂತೆ, ನಿಮ್ಮ ಅಜ್ಜಿಯ ಬಗ್ಗೆ ಐದು ವಾಕ್ಯ ಬರೆಯಿರಿ. 'ತಾಯಿ' ಬೇಡ, 'ಅಮ್ಮ' ಎನ್ನಬಹುದು. 'ಸ್ನೇಹಿತ' ಬೇಡ, 'ಗೆಳೆಯ' ಎನ್ನಬಹುದು. 'ಮಾಡುತ್ತಾಳೆ' ಎನ್ನುವಂತಿಲ್ಲ, ಎಚ್ಚರ! 'ಪ್ರೀತಿ'ಗೆ ಬದಲಾಗಿ ಏನು ಬರೆಯುತ್ತೀರಿ? ಮುಂದಿನ ತರಗತಿಯಲ್ಲಿ ಎಲ್ಲರೆದುರು ಓದಿ ಹೇಳಿ.

ಮುಂದಿನ ತಿಂಗಳು ಇನ್ನೊಂದು ಪುಸ್ತಕದೊಂದಿಗೆ ಸಿಗೋಣ.