ಆಡಿದ ಹಮಾಲಿ, ಆಡಿಕೊಂಡ ನಾವು

ಮದುವೆಯ ಪಾತ್ರೆಪಗಡಿ ತರಲು ಹೈದರಾಬಾದಿನ ಬೇಗಂ ಬಜಾರಿಗೆ ಹೋಗಿದ್ದೆವು. ಬೀದರ್, ಕಲಬುರಗಿ ಕಡೆಯವರಿಗೆ ಆ ಪೇಟೆಯ ಪರಿಚಯ ಮಾಡಿಕೊಡಬೇಕಿಲ್ಲ. ಗಲ್ಲೆಯ ಹಿಂದೆ ಮಾರವಾಡಿ, ಗುಮಾಸ್ತನ ಬಾಯಲ್ಲಿ ದಖನಿ, ಹಮಾಲರ ನಡುವೆ ತೆಲುಗು. ನಮ್ಮ ಗಂಟು ಹೊತ್ತವನು ನಾವು ಕನ್ನಡದವರೆಂದು ತಿಳಿದದ್ದೇ, "ಅಕ್ಕಾ, ಗಂಟು ಚಾಲಾ ಭಾರ ಅದ, ಜರಾ ನೋಡಿ ಕೊಡ್ರಿ" ಎಂದ. ಅಫ್ಜಲ್‌ಗಂಜಿನವರೆಗೆ ತಲೆಯ ಮೇಲೆ ಹೊರೆ, ಬಾಯಲ್ಲಿ ನಮ್ಮ ಕನ್ನಡ.

ಅವನು ಕನ್ನಡ ಆಡಿದ. ನಾವು ಅವನನ್ನು ಆಡಿಕೊಂಡೆವು. ನಮ್ಮ ಹುಡುಗನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಬೆಂಗಳೂರು, ದುಬೈ, ಡಲ್ಲಾಸ್‌ಗಳಿಂದ ಬಿದ್ದು ಬಿದ್ದು ನಗುವ ಮುಖಗಳು. ಮೊದಲು ನಾನೂ ನಕ್ಕೆ. ಅದಕ್ಕೇ ಈ ಸಿಟ್ಟು.

ನಿಮ್ಮ ಗುಂಪಿನಲ್ಲೂ ಇದು ನಡೆದಿದೆ, ಇಲ್ಲವೆನ್ನಬೇಡಿ. ತಪ್ಪು ಮಾತಾಡುವುದು ತಪ್ಪಲ್ಲ, ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬಹುದು. ಕ್ಷಮಿಸಲಾಗದ್ದು ಆ ನಗು. ನಮ್ಮ ಭಾಷೆಯ ಹೊಸ್ತಿಲಿಗೆ ಬಂದವನ ಮುಖಕ್ಕೆ ಬಾಗಿಲು ಹಾಕುವ ನಗು.

ಅದೇ ಹೈದರಾಬಾದಿನ ಇನ್ನೊಂದು ನಗುವಿನ ಕತೆ ಕೇಳಿ. 1921ರ ನವೆಂಬರಿನಲ್ಲಿ ವಿವೇಕವರ್ಧಿನಿ ಶಾಲೆಯಲ್ಲಿ ಸಮಾಜ ಸುಧಾರಣೆಯ ಸಮ್ಮೇಳನ. ಅಧ್ಯಕ್ಷರು ಮಹರ್ಷಿ ಕರ್ವೆ. ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳಿಗೆ ಕಿವಿಗೊಟ್ಟ ಸಭೆ, ವಕೀಲ ಆಲಂಪಲ್ಲಿ ವೆಂಕಟರಾಮರಾವ್ ತೆಲುಗಿನಲ್ಲಿ ಬಾಯಿ ತೆರೆದದ್ದೇ ಗೇಲಿಗೆ ಇಳಿಯಿತು. ಸಮಾಜ ಸುಧಾರಿಸಲು ಸೇರಿದವರು! ನೊಂದ ತೆಲುಗರು ಒಟ್ಟುಗೂಡಿ ಆಂಧ್ರ ಜನಸಂಘ ಕಟ್ಟಿದರು. ಅದೇ ನಿಜಾಮನ ರಾಜ್ಯದಲ್ಲಿ, ಉರ್ದುವಿನ ಕಚೇರಿಗಳ ಮುಂದೆ ನಮ್ಮ ಅಜ್ಜಂದಿರೂ ತಡವರಿಸುತ್ತ ನಿಂತವರೇ. 1956ರಲ್ಲಿ ಗಡಿ ಬದಲಾಗಿ ನಾವು ಕನ್ನಡ ರಾಜ್ಯದವರಾದೆವು. ಮೊಮ್ಮಕ್ಕಳಾದ ನಾವು ಬೇರೆಯವರ ತಡವರಿಕೆಗೆ ನಗುವಷ್ಟು ದೊಡ್ಡವರಾಗಿಬಿಟ್ಟೆವೆ? ಹಿಂದಿಯವನು ನಮ್ಮ ಉಚ್ಚಾರ ಅಣಕಿಸಿದರೆ ಬೀದಿಗಿಳಿಯುವವರು ನಾವೇ ಅಲ್ಲವೆ?

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕೇಳದೆ ತಿದ್ದಬೇಡಿ. ತಿದ್ದಲೇಬೇಕಿದ್ದರೆ ನಾಲ್ಕು ಜನರ ಮುಂದೆ ಬೇಡ. ಗುಂಪಿನಲ್ಲಿ ಕನ್ನಡ ಬಾರದವರಿದ್ದರೆ ಅವರಿಗಾಗಿ ಎರಡು ಸಾಲು ಬರೆಯಿರಿ. ಬಡವನ ಬಾಯಿಮಾತನ್ನು ಅವನಿಗೆ ಹೇಳದೆ ಊರಿಗೆಲ್ಲ ಹಂಚಬೇಡಿ. ಇಷ್ಟನ್ನೂ ಬರೆದು ಹೇಳಬೇಕಾಗಿ ಬಂತಲ್ಲ ಎಂಬುದೇ ನಾಚಿಕೆ.

ನಮ್ಮ ಗುಂಪಿನಲ್ಲಿ ಕರೀಂನಗರದಿಂದ ಬಂದ ಸೊಸೆಯೊಬ್ಬಳಿದ್ದಾಳೆ. ಕನ್ನಡವನ್ನು ತೆಲುಗು ಅಕ್ಷರದಲ್ಲಿ ಬರೆಯುತ್ತಿದ್ದಳು. ಲಿಪಿ ಅಕ್ಕತಂಗಿಯರಂತಿರುವುದರಿಂದ ನಾವೆಲ್ಲ ಓದಿಕೊಳ್ಳುತ್ತಿದ್ದೆವು. ಆ ವಿಡಿಯೊ ಬಂದ ದಿನದಿಂದ ಅವಳು ಗುಂಪಿನಲ್ಲಿ ಒಂದಕ್ಷರವೂ ಬರೆದಿಲ್ಲ.