ವ್ರತವೋ, ನಿದಾನವೋ?

ಯುಗಾದಿ ಬಂದಿತೆಂದರೆ, ಮಹಾವೀರ ಜಯಂತಿ ಸಮೀಪಿಸಿತೆಂದರೆ, ಜನವರಿಯ ಮೊದಲ ದಿನ ಬೆಳಗಾಯಿತೆಂದರೆ ಸಮಾಜದಲ್ಲಿ ಸಂಕಲ್ಪಗಳ ಸುಗ್ಗಿ. ಈ ವರ್ಷ ನೂರೆಂಟು ಭಕ್ತಿಗೀತೆಗಳನ್ನು ರಚಿಸುವುದಾಗಿ ಕವಿ ಸಾರುತ್ತಾನೆ. ದೀಪಾವಳಿಯೊಳಗಾಗಿ ಇಪ್ಪತ್ತನಾಲ್ಕು ತೀರ್ಥಂಕರರ ಚಿತ್ರಗಳನ್ನು ಮುಗಿಸುವುದಾಗಿ ಕಲಾವಿದೆ ಮಾತು ಕೊಡುತ್ತಾಳೆ. ಮುಂದಿನ ಪಂಚಕಲ್ಯಾಣಕ್ಕೆ ಮೂರು ಗ್ರಂಥಗಳ ಬಿಡುಗಡೆಯೆಂದು ಬಸದಿಯ ಆಮಂತ್ರಣ ಪತ್ರಿಕೆಯೇ ಮುದ್ರಿತವಾಗಿಬಿಡುತ್ತದೆ. ಚಾತುರ್ಮಾಸ ಮುಗಿಯುವ ವೇಳೆಗೆ ಪರಿಣಾಮ ಬಹುಪಾಲು ಎರಡರಲ್ಲೊಂದು. ಸಂಖ್ಯೆ ತುಂಬಿರುತ್ತದೆ, ಸತ್ತ್ವವಿರುವುದಿಲ್ಲ. ಇಲ್ಲವೇ ಕೆಲಸ ನಡುದಾರಿಯಲ್ಲಿ ನಿಂತು, ಬರೆಯುತ್ತಿದ್ದವನು ನಾಚಿಕೆಯಿಂದ ಲೇಖನಿಯನ್ನೇ ಕೆಳಗಿಟ್ಟಿರುತ್ತಾನೆ. ಮೊದಲನೆಯದು ಸಾಹಿತ್ಯಕ್ಕೆ ಹಾನಿ, ಎರಡನೆಯದು ಮನುಷ್ಯನಿಗೆ ಹಾನಿ.

ಇದಕ್ಕೆ ಎರಡು ಬಗೆಯ ಮದ್ದುಗಳನ್ನು ಹೇಳುವವರಿದ್ದಾರೆ. ಗುರಿ ಇನ್ನೂ ದೊಡ್ಡದಾಗಿರಲಿ, ಅದನ್ನು ಗೋಡೆಯ ಮೇಲೆ ಬರೆದು ದಿನವೂ ನೋಡುತ್ತಿರಲಿ ಎಂದು ವ್ಯಕ್ತಿತ್ವ ವಿಕಸನದ ಶಿಬಿರಗಳವರು ಬೋಧಿಸುತ್ತಾರೆ. ಕಲೆಗೆ ನಿಯಮದ ಸಂಕೋಲೆ ಸಲ್ಲದು, ಸ್ಫೂರ್ತಿ ಬಂದಾಗ ಬರಲಿ ಎಂದು ಸ್ವಚ್ಛಂದವಾದಿಗಳು ವಾದಿಸುತ್ತಾರೆ. ಎರಡೂ ಅರ್ಧಸತ್ಯಗಳು, ಅರ್ಧಸತ್ಯವನ್ನು ಪೂರ್ಣಸತ್ಯವೆಂದು ಹಿಡಿಯುವುದು ಏಕಾಂತವಾದ. ಸಂಕಲ್ಪವು ಸೃಜನಶೀಲನಿಗೆ ನೆರವಾಗುತ್ತದೆಯೇ ಎಂದು ಕೇಳುವ ಮೊದಲು, ಯಾವ ಸಂಕಲ್ಪ ಎಂದು ಕೇಳಬೇಕು. ಈ ವಿವೇಚನೆಗೆ ಬೇಕಾದ ಪರಿಭಾಷೆಯನ್ನು ಪೂರ್ವಾಚಾರ್ಯರು ಎಂದೋ ಸಿದ್ಧಪಡಿಸಿ ಇಟ್ಟಿದ್ದಾರೆ. ಸಮಾಜವು ಅದನ್ನು ಪೂಜಾಗೃಹದಲ್ಲಿ ಇಟ್ಟು, ಬರೆಯುವ ಮೇಜಿನ ಬಳಿ ಮರೆತಿದೆ.

ವ್ರತವೆಂದರೆ ವಿರತಿ. ಇದು ಎಲ್ಲ ಶ್ರಾವಕರೂ ಬಲ್ಲ ಮಾತು. ವ್ರತವು ಏನನ್ನು ಪಡೆಯಬೇಕೆಂದು ಹೇಳುವುದಿಲ್ಲ, ಏನನ್ನು ಬಿಡಬೇಕೆಂದು ಹೇಳುತ್ತದೆ. ಪರಿಗ್ರಹ ಪರಿಮಾಣವ್ರತದಲ್ಲಿ ಇಷ್ಟು ಗಳಿಸುವೆನೆಂಬ ಮಾತಿಲ್ಲ. ಇಷ್ಟಕ್ಕಿಂತ ಹೆಚ್ಚು ಬೇಡವೆಂಬ ಎಲ್ಲೆಯಿದೆ. ದಿಗ್ವ್ರತವೂ ಎಲ್ಲೆಯೇ, ದೇಶವ್ರತವೂ ಎಲ್ಲೆಯೇ. ಇಂದಿನ ಗುರಿಯಾದರೋ ಗಳಿಕೆಯ ಲೆಕ್ಕ: ಇಷ್ಟು ಪುಟ, ಇಷ್ಟು ಪ್ರಶಸ್ತಿ, ಇಷ್ಟು ಪ್ರತಿಗಳ ಮಾರಾಟ. ಇದನ್ನು ವ್ರತವೆಂದು ಕರೆಯುವುದು ವ್ಯಾಪಾರಕ್ಕೆ ಕಾವಿ ಹೊದಿಸಿದಂತೆ. ಇದಕ್ಕೆ ಶಾಸ್ತ್ರದಲ್ಲಿರುವ ಹೆಸರು ನಿದಾನ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಅದು ಮೂರನೆಯದು. ಮಾಡುವ ಸತ್ಕಾರ್ಯಕ್ಕೆ ಪ್ರತಿಯಾಗಿ ಮುಂದೆ ಇಂಥ ಫಲ ಬರಲಿ ಎಂಬ ಹಂಬಲ. ಶಲ್ಯವಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರಕಾರರು ವಿಧಿಸಿದ್ದು ಕೇವಲ ಮುನಿಗಳ ಹಿತಕ್ಕಾಗಿ ಅಲ್ಲ. ಕಾಲಲ್ಲಿ ಮುಳ್ಳು ನೆಟ್ಟವನು ದಾರಿಯನ್ನು ನೋಡಲಾರ. ಹೆಜ್ಜೆಹೆಜ್ಜೆಗೂ ಮುಳ್ಳನ್ನೇ ನೆನೆಯುತ್ತಾನೆ.

ಈ ಮಾತು ಧರ್ಮಶ್ರದ್ಧೆಯದು ಮಾತ್ರ ಎಂದು ತಳ್ಳಿಹಾಕುವವರು ಆಧುನಿಕ ಮನಃಶಾಸ್ತ್ರವನ್ನಾದರೂ ಗಮನಿಸಲಿ. ಅಮೆರಿಕದ ಮನಃಶಾಸ್ತ್ರಜ್ಞೆ ತೆರೇಸಾ ಅಮಬಿಲೆ ಅವರು 1985ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 72 ಮಂದಿ ಬರಹಗಾರರು ಪಾಲ್ಗೊಂಡಿದ್ದರು. ಒಂದು ಗುಂಪಿನವರು ಬರವಣಿಗೆಗೆ ಇರುವ ಬಾಹ್ಯ ಕಾರಣಗಳನ್ನು, ಎಂದರೆ ಹಣ, ಹೆಸರು, ಮನ್ನಣೆ ಇತ್ಯಾದಿಗಳನ್ನು ಕೆಲವೇ ನಿಮಿಷ ಚಿಂತಿಸುವಂತೆ ಮಾಡಲಾಯಿತು. ಇನ್ನೊಂದು ಗುಂಪಿನವರು ಬರವಣಿಗೆಯಲ್ಲೇ ದೊರೆಯುವ ಸಂತೋಷವನ್ನು ಚಿಂತಿಸಿದರು. ಅನಂತರ ಎಲ್ಲರೂ ಕಿರುಗವಿತೆಗಳನ್ನು ಬರೆದರು. ಯಾರು ಯಾವ ಗುಂಪಿನವರೆಂದು ಅರಿಯದ ಕವಿಗಳೇ ಅವನ್ನು ಪರೀಕ್ಷಿಸಿದಾಗ, ಫಲವನ್ನು ಚಿಂತಿಸಿದವರ ಕವಿತೆಗಳು ಸೃಜನಶೀಲತೆಯಲ್ಲಿ ಕೆಳಗೆ ನಿಂತವು. ಅವರಿಗೆ ಯಾರೂ ಪ್ರಶಸ್ತಿಯ ಆಸೆ ತೋರಿಸಿರಲಿಲ್ಲ. ಫಲದ ಚಿಂತನೆ ಒಂದೇ ಸಾಕಾಯಿತು. ಕೆಲವು ನಿಮಿಷಗಳ ನಿದಾನವೇ ಇಷ್ಟು ಕೆಡಿಸಿದರೆ, ವರ್ಷವಿಡೀ ಗೋಡೆಯ ಮೇಲೆ ತೂಗುಹಾಕಿದ ನಿದಾನವು ಎಷ್ಟು ಕೆಡಿಸೀತು?

ಇಲ್ಲಿ ಪ್ರತಿಪಕ್ಷದವರು ಪಂಪನನ್ನು ಮುಂದೆ ತರುತ್ತಾರೆ. ಆದಿಪುರಾಣ ಮೂರು ತಿಂಗಳಲ್ಲಿ, ವಿಕ್ರಮಾರ್ಜುನವಿಜಯ ಆರು ತಿಂಗಳಲ್ಲಿ ಮುಗಿಯಿತೆಂದು ಆದಿಕವಿ ತಾನೇ ಹೇಳಿಕೊಂಡಿಲ್ಲವೇ, ಅದು ಗುರಿಯಿಟ್ಟು ಮಾಡಿದ ಸಾಧನೆಯಲ್ಲವೇ ಎಂಬುದು ಅವರ ಪ್ರಶ್ನೆ. ಅಲ್ಲ. ಪಂಪನು ಅದನ್ನು ಹೇಳಿದ್ದು ಕಾವ್ಯ ಮುಗಿದ ಮೇಲೆ. ಮುಗಿದುದರ ನಿರೂಪಣೆ ಬೇರೆ, ಮುಗಿಸುವೆನೆಂಬ ಘೋಷಣೆ ಬೇರೆ. ಕ್ರಿ.ಶ. 941ರಲ್ಲಿ ಆ ಕಾವ್ಯ ಹರಿದುಬರುವುದಕ್ಕೆ ಮುನ್ನ ಆಗಮಾಭ್ಯಾಸದಲ್ಲಿ, ಪೂರ್ವಕಾವ್ಯಗಳ ಪರಿಚಯದಲ್ಲಿ ಸಂದ ವರ್ಷಗಳನ್ನು ಆ ಮೂರು ತಿಂಗಳ ಲೆಕ್ಕಕ್ಕೆ ಸೇರಿಸಿದವರು ಯಾರೂ ಇಲ್ಲ. ಕೆರೆ ತುಂಬಿದ ಮೇಲೆ ಕೋಡಿ ಹರಿಯಲು ಗಳಿಗೆ ಸಾಕು. ಕೋಡಿಯ ಗಳಿಗೆಯನ್ನು ನೋಡಿ ಬರಿದಾದ ಕೆರೆಗೆ ಗಡುವು ವಿಧಿಸುವುದು ಅವಿವೇಕ.

ದಾನಚಿಂತಾಮಣಿ ಅತ್ತಿಮಬ್ಬೆಯ ಉದಾಹರಣೆಯೂ ಬರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಆಕೆಯ ಅಚ್ಚಳಿಯದ ಕೀರ್ತಿ. ಅಲ್ಲಿ ಸಂಖ್ಯೆಯಿದೆ, ನಿಜ. ಆದರೆ ಆ ಸಂಖ್ಯೆ ಇದ್ದುದು ಲಿಪಿಕಾರರ ಕೆಲಸಕ್ಕೆ. ಆದಿಯೂ ಅಂತ್ಯವೂ ಮೊದಲೇ ತಿಳಿದಿರುವ ಕಾರ್ಯಕ್ಕೆ ಸಂಖ್ಯೆಯೂ ಗಡುವೂ ಸಲ್ಲುತ್ತವೆ. ಓಲೆಗರಿಯ ಪ್ರತಿ ತೆಗೆಯುವುದು, ಮಾನಸ್ತಂಭದ ಕಟ್ಟೆ ಕಟ್ಟುವುದು, ಮಹಾಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಏರಿಸುವುದು ಅಂಥ ಕಾರ್ಯಗಳು. ಕಾವ್ಯವು ಅಂಥದಲ್ಲ, ಅದರ ಅಂತ್ಯವು ರಚಿಸುತ್ತ ರಚಿಸುತ್ತಲೇ ಗೋಚರಿಸುವುದು. ಅದೇ ಅತ್ತಿಮಬ್ಬೆ ರನ್ನನಿಗೆ ಆಶ್ರಯವಿತ್ತಳು, 993ರಲ್ಲಿ ಅಜಿತಪುರಾಣ ಸಿದ್ಧವಾಯಿತು. ಲಿಪಿಕಾರರಿಗೆ ಸಾವಿರದ ಲೆಕ್ಕ, ಕವಿಗೆ ಆಶ್ರಯ: ಸಮಾಜವು ಆಕೆಯಿಂದ ಕಲಿಯಬೇಕಾದ ಭೇದವಿಜ್ಞಾನ ಇದೇ. ಗುರಿನಿರ್ಧಾರದ ಸಿದ್ಧಾಂತವನ್ನು ರೂಪಿಸಿದ ಲಾಕ್ ಮತ್ತು ಲೇಥಮ್ ಎಂಬ ಪಾಶ್ಚಾತ್ಯ ವಿದ್ವಾಂಸರೂ ಒಪ್ಪುವ ಮಾತೊಂದಿದೆ: ಮಾಡುವ ಬಗೆ ಇನ್ನೂ ಕೈವಶವಾಗಿರದ ಜಟಿಲ ಕಾರ್ಯದಲ್ಲಿ ಫಲದ ಗುರಿಗಿಂತ ಕಲಿಕೆಯ ಗುರಿಯೇ ಹಿತಕರ.

ಗಡುವಿಗೆ ಬಾಗದ ಮಹಾಕಾರ್ಯದ ಉದಾಹರಣೆ ಬೇಕೆಂದರೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಮುಗಿಸಿ ಜಯಧವಲಾ ಟೀಕೆಗೆ ತೊಡಗಿದರು; ಇಪ್ಪತ್ತು ಸಾವಿರ ಶ್ಲೋಕಪ್ರಮಾಣ ಆಗುವಷ್ಟರಲ್ಲಿ ಅವರ ಆಯುಷ್ಯ ಮುಗಿಯಿತು. ಶಿಷ್ಯ ಜಿನಸೇನರು ನಲವತ್ತು ಸಾವಿರ ಶ್ಲೋಕಪ್ರಮಾಣವನ್ನು ಸೇರಿಸಿ ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಅದೇ ಜಿನಸೇನರು ಮಹಾಪುರಾಣವನ್ನು ಕೈಗೊಂಡು 42 ಪರ್ವಗಳನ್ನೂ 43ನೆಯ ಪರ್ವದ ಮೂರು ಶ್ಲೋಕಗಳನ್ನೂ ಬರೆದು ನಿಂತರು; ಉಳಿದುದನ್ನು ಅವರ ಶಿಷ್ಯ ಗುಣಭದ್ರರು ಮುಗಿಸಿದರು. ಇಂದಿನ ಸಂಕಲ್ಪಶಾಸ್ತ್ರದ ಅಳತೆಗೋಲಿನಲ್ಲಿ ವೀರಸೇನರೂ ಸೋತವರು, ಜಿನಸೇನರೂ ಸೋತವರು! ಅಳತೆಗೋಲೇ ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಮುಗಿಸುವೆನೆಂಬ ಆಸೆಯಿಂದ ಬರೆಯುವವನು, ಮುಗಿಯಲಾರದೆಂದು ತೋರಿದ ದಿನವೇ ನಿಲ್ಲುತ್ತಾನೆ. ಬರೆಯುವುದೇ ಸ್ವಾಧ್ಯಾಯವೆಂದು ತಿಳಿದವನು ಆಯುಷ್ಯ ಮುಗಿಯುವವರೆಗೂ ಬರೆಯುತ್ತಾನೆ.

ಹಾಗಾದರೆ ನಿಯಮವೇ ಬೇಡವೇ? ಸ್ವಚ್ಛಂದವಾದಿಗಳು ಹಿಗ್ಗುವ ಅಗತ್ಯವಿಲ್ಲ. ಸ್ಫೂರ್ತಿಗಾಗಿ ಕಾದು ಕುಳಿತವರ ಬಳಿ ಉಳಿಯುವುದು ಕಾಯುವ ಅಭ್ಯಾಸ ಒಂದೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂತೊನಿ ಟ್ರೊಲೋಪ್ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದುಕೊಂಡೇ ಬೆಳಗಿನ ಜಾವ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಶಬ್ದಗಳಂತೆ ಬರೆಯುತ್ತಿದ್ದನು. ಅವನು ಬರೆದ ಕಾದಂಬರಿಗಳು 47. ಗುರಿವಾದಿಗಳು ಶಬ್ದಗಳ ಲೆಕ್ಕವನ್ನು ಎತ್ತಿ ಹಿಡಿಯುತ್ತಾರೆ. ಆದರೆ 1883ರಲ್ಲಿ, ಅವನು ತೀರಿಕೊಂಡ ಮರುವರ್ಷ, ಹೊರಬಂದ ಆತ್ಮಕಥೆಯಲ್ಲಿ ಅವನು ಕೃತಜ್ಞತೆ ಸಲ್ಲಿಸಿದ್ದು ಆ ಲೆಕ್ಕಕ್ಕಲ್ಲ, ತನ್ನನ್ನು ದಿನವೂ ಕಾಫಿಯೊಡನೆ ಎಬ್ಬಿಸುತ್ತಿದ್ದ ಮುದುಕ ಸೇವಕನಿಗೆ. ಅದಕ್ಕೆಂದು ಅವನು ವರ್ಷಕ್ಕೆ ಐದು ಪೌಂಡ್ ಹೆಚ್ಚು ಕೊಡುತ್ತಿದ್ದನು. ಬಿಟ್ಟುಕೊಟ್ಟದ್ದು ಬೆಳಗಿನ ನಿದ್ರೆ. ಉಳಿದುದೆಲ್ಲ ಅದರ ಹಿಂದೆ ಬಂದದ್ದು. ತಿಳಿಯದೆಯೇ ಅವನು ನಡೆಸಿದ್ದು ವಿರತಿಯನ್ನು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಯಮ, ನಿಯಮಗಳ ಭೇದವನ್ನು ಹೇಳಿದ್ದಾರೆ. ಜೀವನಪರ್ಯಂತ ಹಿಡಿಯುವುದು ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲದ ಮಿತಿಯಲ್ಲಿ ಹಿಡಿಯುವುದು ನಿಯಮ. ಗೃಹಸ್ಥನ ಶಕ್ತಿಯನ್ನು ಅರಿತ ವಿಧಾನವಿದು. ಸಾಮಾಯಿಕವನ್ನೇ ನೋಡಬಹುದು. ಎರಡು ಗಳಿಗೆ, ಎಂದರೆ 48 ನಿಮಿಷ. ಆ ಅವಧಿಯಲ್ಲಿ ಇಷ್ಟು ಸಮತಾಭಾವ ಸಿದ್ಧಿಸಲೇಬೇಕೆಂದು ಯಾರೂ ವಿಧಿಸಿಲ್ಲ; ಕುಳಿತುಕೊಳ್ಳಬೇಕು, ಸಾವದ್ಯವನ್ನು ಬಿಡಬೇಕು, ಅಷ್ಟೇ. ಬರೆಯುವವನಿಗೂ ಚಿತ್ರಿಸುವವಳಿಗೂ ಇದಕ್ಕಿಂತ ಉತ್ತಮ ಮಾದರಿಯಿಲ್ಲ. ದಿನಕ್ಕೆ ಎರಡು ಗಳಿಗೆ ದೂರದರ್ಶನವಿಲ್ಲ, ಮೊಬೈಲ್ ಇಲ್ಲ, ಮಾತಿಲ್ಲ. ಒಂದು ಸಾಲು ಬಂದರೂ ಸರಿ, ಬಾರದಿದ್ದರೂ ಸರಿ, ಏಳುವಂತಿಲ್ಲ.

ಆಚಾರ್ಯರ ವಿವೇಕ ಇನ್ನೂ ಆಳವಾದುದು. ಸಾಮಾಯಿಕದ ಐದು ಅತಿಚಾರಗಳಲ್ಲಿ ಅನಾದರವೂ ಒಂದು, ಸ್ಮೃತ್ಯನುಪಸ್ಥಾನವೂ ಒಂದು. ಉತ್ಸಾಹ ಬತ್ತುವುದು, ಮನಸ್ಸು ಮರೆತುಬಿಡುವುದು ಇವು ಸಾಧಕನಿಗೆ ಬಂದೇ ಬರುತ್ತವೆಂದು ಅವರು ಮೊದಲೇ ಅರಿತಿದ್ದರು. ಅವನ್ನು ಅತಿಚಾರವೆಂದರೇ ಹೊರತು ವ್ರತದ ಅಂತ್ಯವೆನ್ನಲಿಲ್ಲ. ತಪ್ಪಿದರೆ ಆಲೋಚನೆಯಿದೆ, ಪ್ರತಿಕ್ರಮಣವಿದೆ. ತಪ್ಪಿದಲ್ಲಿಂದ ಹಿಂದಿರುಗಿ ಬರುವ ದಾರಿಯಿದೆ. ಹೊಸ ವರ್ಷದ ಸಂಕಲ್ಪಕ್ಕೆ ಇಲ್ಲದಿರುವುದು ಇದೊಂದೇ. ಅದರಲ್ಲಿ ಗೆಲುವುಂಟು, ಸೋಲುಂಟು, ಹಿಂದಿರುಗುವ ದಾರಿಯಿಲ್ಲ. ಮೂರು ದಿನ ತಪ್ಪಿದವನು ಮುನ್ನೂರು ದಿನಗಳನ್ನು ಕೈಚೆಲ್ಲುವುದು ಆ ಕಾರಣದಿಂದಲೇ.

ಘೋಷಣೆಯ ಚಟವನ್ನೂ ಇಲ್ಲಿ ವಿಚಾರಿಸಬೇಕು. ವ್ರತವನ್ನೂ ಗುರುಸಾಕ್ಷಿಯಾಗಿ ಸ್ವೀಕರಿಸುವುದಿಲ್ಲವೇ ಎಂದು ಕೇಳಬಹುದು. ಸಾಕ್ಷಿ ಬೇರೆ, ಸಭಿಕ ಬೇರೆ. ಸಾಕ್ಷಿಯ ಮುಂದೆ ತಪ್ಪನ್ನು ಒಪ್ಪಿಕೊಳ್ಳಲು ಬರುತ್ತದೆ. ಸಭಿಕರಿಂದ ಚಪ್ಪಾಳೆಯನ್ನು ಮಾತ್ರ ಪಡೆಯಲು ಬರುತ್ತದೆ. ಜರ್ಮನ್ ಮೂಲದ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಸಂಕಲ್ಪವನ್ನು ಮತ್ತೊಬ್ಬರು ಗಮನಿಸಿದರೆಂದು ತಿಳಿದ ವಿದ್ಯಾರ್ಥಿಗಳು ಆ ಕಾರ್ಯಕ್ಕೆ ಕಡಿಮೆ ಶ್ರಮ ವಹಿಸಿದರು. ಗಮನಕ್ಕೆ ಬಂದ ಮಾತ್ರಕ್ಕೇ ಅರ್ಧ ಸಾಧಿಸಿದ ತೃಪ್ತಿ! ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರು ನಿಂತಿರುವ ಗುಳ್ಳಕಾಯಜ್ಜಿಯ ಐತಿಹ್ಯ ಹೇಳುವುದೂ ಇದನ್ನೇ. ಚಾವುಂಡರಾಯನ ಕೊಡಗಟ್ಟಲೆ ಹಾಲು ಇಳಿಯದ ಪಾದಕ್ಕೆ ಆಕೆಯ ಗುಳ್ಳಕಾಯಿಯ ಹಾಲು ಇಳಿಯಿತಂತೆ. ಆಕೆ ಪ್ರಮಾಣವನ್ನು ಸಾರಿರಲಿಲ್ಲ.

ಆದ್ದರಿಂದ ಬಸದಿಗಳ ಆಡಳಿತ ಮಂಡಳಿಗಳು, ವಿಶ್ವಸ್ತರು ತಮ್ಮ ಪದ್ಧತಿಯನ್ನು ಪರಿಶೀಲಿಸಿಕೊಳ್ಳುವುದು ಕರ್ತವ್ಯ. ಉತ್ಸವದ ದಿನಾಂಕ ನಿಗದಿಯಾದ ಮೇಲೆ ಗ್ರಂಥವನ್ನು ಬರೆಯಿಸುವ ರೂಢಿ ನಿಲ್ಲಬೇಕು. ಬರೆದು ಮುಗಿದ ಗ್ರಂಥಕ್ಕೆ ಉತ್ಸವದ ದಿನವನ್ನು ಗೊತ್ತುಮಾಡಿದರೆ ಯಾವ ಧರ್ಮಹಾನಿಯೂ ಆಗದು. ಕಾಲಕ್ಕೆ ಸರಿಯಾಗಿ ಒಪ್ಪಿಸಿದುದಕ್ಕೆ ಶಾಲು ಹೊದಿಸುವ ಹಣದಲ್ಲಿ, ಒಬ್ಬ ಬರಹಗಾರನಿಗೆ ಒಂದು ಋತುವಿನ ಊಟ, ವಸತಿ, ಗ್ರಂಥಭಂಡಾರದ ಬೀಗದ ಕೈ ಇಷ್ಟನ್ನು ಕೊಡಬಹುದು. ಅಂಥವನನ್ನು ಎಷ್ಟಾಯಿತು ಎಂದು ಕೇಳದೆ, ಇಂದು ಕುಳಿತಿದ್ದೆಯಾ ಎಂದು ಕೇಳಬೇಕು.

ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಚಿತ್ರ ಬಿಡಿಸುವುದರಲ್ಲಿ ಸಹಜವಾಗಿ ಒಲವಿದ್ದ ಶಿಶುವಿಹಾರದ ಮಕ್ಕಳಿಗೆ ಬಹುಮಾನ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಸಿದಾಗ, ಅನಂತರ ಬಹುಮಾನವಿಲ್ಲದ ದಿನಗಳಲ್ಲಿ ಅವರ ಒಲವು ಕುಗ್ಗಿತೆಂಬುದು ಅಮೆರಿಕದಲ್ಲಿ 1973ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರ ನಿಷ್ಕರ್ಷೆ. ಸ್ತೋತ್ರ ಕಲಿತರೆ ಸೈಕಲ್, ಚಿತ್ರ ಮುಗಿಸಿದರೆ ಕೈಗಡಿಯಾರ ಎಂದು ಆಸೆ ತೋರಿಸುವ ತಂದೆತಾಯಿಗಳು ಮಗುವಿಗೆ ಕಲಿಸುತ್ತಿರುವುದು ಸ್ತೋತ್ರವನ್ನಲ್ಲ, ನಿದಾನವನ್ನು. ಮಗುವಿನ ಜೊತೆಗೆ ಎರಡು ಗಳಿಗೆ ತಾವೂ ಮೌನವಾಗಿ ಕುಳಿತರೆ ಆ ಮನೆಯಲ್ಲಿ ಕಲೆ ಬಾಳೀತು.

ಗುರಿ ಮುಟ್ಟಿದವನಿಗೆ ಮರುದಿನ ಮಾಡಲು ಕೆಲಸವಿಲ್ಲ, ಮುಟ್ಟದವನಿಗೆ ಮಾಡಲು ಮನಸ್ಸಿಲ್ಲ. ನಿಯಮದಲ್ಲಿ ನಡೆಯುವವನಿಗೆ ಕೆಲಸವೂ ಉಂಟು, ಮನಸ್ಸೂ ಉಂಟು. ಬರುವ ವರ್ಷದ ಮೊದಲ ದಿನ ಸಮಾಜದ ಕವಿಗಳು, ಕಲಾವಿದರು ಸಂಕಲ್ಪ ಮಾಡಲೇಬೇಕೆಂದಿದ್ದರೆ ಮಾಡಲಿ: ಏನನ್ನು ಪಡೆಯುತ್ತೇವೆಂದಲ್ಲ, ಯಾವ ಎರಡು ಗಳಿಗೆಯನ್ನು ಯಾವುದಕ್ಕೂ ಬಿಟ್ಟುಕೊಡುವುದಿಲ್ಲವೆಂದು.