ಮೊದಲು ಕಿವಿ, ಆಮೇಲೆ ಕೈ

ಮನೆಯಲ್ಲಿ ಮಗುವಿಗೆ ಕನ್ನಡ ಅಕ್ಷರ ಕಲಿಸುವುದು ಹೇಗೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಿರುತ್ತಾರೆ. ಅವರೀಗ ತಂದೆತಾಯಿಗಳು, ಕೆಲವರು ಶಿವಮೊಗ್ಗದಲ್ಲೇ ನೆಲೆಸಿದ್ದಾರೆ, ಹಲವರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಮಗು ಕನ್ನಡ ಮಾತನಾಡುತ್ತದೆ, ಓದಲು ಮಾತ್ರ ಬಾರದು ಎಂಬುದು ಎಲ್ಲರ ಅಳಲು. ಎಲ್ಲರಿಗೂ ಒಟ್ಟಾಗಿ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆಯ್ಕೆ ಪೋಷಕರದೆಂದ ಮೇಲೆ ಹೊಣೆಯೂ ಅವರದೇ ತಾನೆ? ಇಂಗ್ಲಿಷ್ ಶಾಲೆಗೆ ಕಳುಹಿಸಿ, ಅಜ್ಜಿಯ ಕಾಗದವನ್ನು ಮೊಮ್ಮಗು ಓದಲಾರದೆಂದು ಶಾಲೆಯನ್ನು ದೂರುವುದು ನ್ಯಾಯವಲ್ಲ.

ವಿಜಯದಶಮಿಯಂದು ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವ ಅಕ್ಷರಾಭ್ಯಾಸ ಚೆಂದದ ಸಂಪ್ರದಾಯ. ಆದರೆ ಮರುದಿನದಿಂದಲೇ ಪುಟಗಟ್ಟಲೆ ತಿದ್ದಿಸುವುದನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷದ ಮಗುವಿನ ಬೆರಳಿಗೆ ಆ ಬಲವಿರುವುದಿಲ್ಲ. ಕಿವಿ ಮಾತ್ರ ಆಗಲೇ ಬಲು ಚುರುಕು. "ಆನೆ, ಆಟ, ಆಡು – ಮೂರಕ್ಕೂ ಮೊದಲು ಏನು ಕೇಳಿಸಿತು?" ಎಂದು ಊಟ ಮಾಡಿಸುತ್ತಲೇ ಕೇಳಬಹುದು. ಆ ಧ್ವನಿಯನ್ನು ಬಿಡಿಸಿ ಹೇಳಬಲ್ಲ ಮಗುವಿಗೆ 'ಆ' ಎಂಬ ರೂಪ ತೋರಿಸಿದರೆ ಅದು ಬೇಗ ನಾಟುತ್ತದೆ.

ಈ ಮಾತು ನನಗೆ ಮನದಟ್ಟಾದದ್ದು ಭದ್ರಾವತಿಯಲ್ಲಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದಾಗಿ ಬೆಳೆದ ಊರು ಅದು. ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು ನಮ್ಮ ತರಗತಿಗಳಲ್ಲಿ ಧಾರಾಳವಾಗಿದ್ದರು. ಅ ದಿಂದ ಳ ವರೆಗೆ ತಪ್ಪಿಲ್ಲದೆ ಒಪ್ಪಿಸುವ ಮಗು 'ಮರ' ಎಂಬ ಎರಡಕ್ಷರ ಕಂಡರೆ ತಡವರಿಸುತ್ತಿತ್ತು. ಬೀದಿಯಲ್ಲಿ ಆಡುತ್ತ ಕನ್ನಡದ ಪದಗಳನ್ನು ತನ್ನವಾಗಿಸಿಕೊಂಡ ಮಗುವಾದರೋ ಅಕ್ಷರಗಳನ್ನು ತಾನೇ ಜೋಡಿಸಿಕೊಳ್ಳುತ್ತಿತ್ತು. ಪದವಿಲ್ಲದ ಅಕ್ಷರ ಬರಿಯ ಗೆರೆ.

ಇನ್ನು ಅಕ್ಷರಗಳ ಕ್ರಮದ ವಿಚಾರ. ಶಾಲೆಯಲ್ಲಿ 'ರ ಗ ಸ ದ ಅ' ಎಂದು ಆರಂಭಿಸುವುದನ್ನು ಕಂಡು ಹಿರಿಯರು ಹುಬ್ಬುಗಂಟಿಕ್ಕುತ್ತಾರೆ. ಅದರಲ್ಲಿ ಅರ್ಥವಿದೆ. ರ ಬರೆಯಬಲ್ಲ ಮಗು ಒಳಗೊಂದು ಚುಕ್ಕಿಯಿಟ್ಟು ಠ ಬರೆಯುತ್ತದೆ. ವ ಬಂದರೆ ಮ ದೂರವಿಲ್ಲ. 'ರಸ', 'ಸರ', 'ಗರಗಸ' ಎಂಬ ಪದಗಳೂ ಕೆಲವೇ ದಿನಗಳಲ್ಲಿ ಕೈಗೆಟಕುತ್ತವೆ. ಹಾಗೆಂದು 49 ಅಕ್ಷರಗಳ ವರ್ಣಮಾಲೆಯನ್ನು ಕೈಬಿಡಬೇಕಿಲ್ಲ. ಕ ವರ್ಗ ಗಂಟಲಿನಲ್ಲಿ ಹುಟ್ಟಿ, ಚ, ಟ, ತ ವರ್ಗಗಳಾಗಿ ಮುಂದೆ ಸರಿಯುತ್ತ ಪ ವರ್ಗದಲ್ಲಿ ತುಟಿಗೆ ಬಂದು ನಿಲ್ಲುತ್ತದೆ. ಅಂಥ ಅಚ್ಚುಕಟ್ಟನ್ನು ಬಾಯಿಪಾಠದಲ್ಲೇ ಸವಿಯಬೇಕು. ಆದ್ದರಿಂದ ನಾಲಗೆಗೆ ವರ್ಣಮಾಲೆಯ ಕ್ರಮ, ಕೈಗೆ ಆಕಾರದ ಕ್ರಮ ಎಂಬುದು ನನ್ನ ನಿಲುವು.

ಪುಸ್ತಕಕ್ಕಿಂತ ಮೊದಲು ಊರನ್ನೇ ಓದಿಸಿರಿ. ನಮ್ಮೂರಿನ ಇಂಗ್ಲಿಷ್ ಕಾಗುಣಿತವನ್ನು ನಾವು ಉಚ್ಚರಿಸುವಂತೆ ತಿದ್ದಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಕನ್ನಡ ಫಲಕದಲ್ಲಿ ಅದು ಮೊದಲಿನಿಂದಲೂ 'ಶಿವಮೊಗ್ಗ'ವೇ. ನುಡಿದಂತೆ ಬರೆಯುವ ಈ ಅನುಕೂಲವನ್ನು ಮಗುವಿಗೆ ತೋರಿಸಲು ಬಸ್ಸಿನ ಫಲಕವೊಂದು ಸಾಕು. 'ಭದ್ರಾವತಿ'ಯಲ್ಲಿ ಮಹಾಪ್ರಾಣವೂ ಇದೆ, ಒತ್ತಕ್ಷರವೂ ಇದೆ. ಮಗು ಅದನ್ನು ಮೊದಲು ಚಿತ್ರದಂತೆ ಗುರುತಿಸಲಿ, ಬಿಡಿಸಿ ಓದುವುದು ತಾನಾಗಿ ಬರುತ್ತದೆ.

ದಿನಕ್ಕೆ ಹತ್ತು ನಿಮಿಷ ಸಾಕು. ಬೈಗುಳ ಬೇಡ, ಪಕ್ಕದ ಮನೆಯ ಮಗುವಿನೊಡನೆ ಹೋಲಿಕೆಯಂತೂ ಬೇಡವೇ ಬೇಡ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಈ ಕೆಲಸವನ್ನು ಅವರಿಗೆ ಒಪ್ಪಿಸಿ. ನಮ್ಮಂಥವರ ಬಳಿ ಸಮಯವೂ ಇದೆ, ತಾಳ್ಮೆಯೂ ಇದೆ.